ನೂರಿಪ್ಪತ್ತು ದಿನದ ಚೀಲ

ಕಿಟಕಿಯ ಸರಳಿನ ನೆರಳು ಮಡಿಲ ಮೇಲೆ ಓಡುತ್ತಿದೆ, ಕೈಯಲ್ಲಿರುವ ಟಿಕೆಟ್ಟಿನ ಮೇಲೂ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟು, ಕಂಡಕ್ಟರು ಅದನ್ನು ಎರಡು ಮಡಿಕೆ ಮಾಡಿ ಜ್ವಾಕಿ ಇಟ್ಕೋರಿ ಅಮ್ಮಾರ ಅಂದ, ಹಾಗೆ ಮಡಚಿ ಯಾರು ಕೊಡುತ್ತಾರೆ ಈಗ — ಬಸ್ಸು ಪುಕ್ಕಟೆ ಆದ ದಿನ ಸುಗಂಧಾ ಅಂದಿದ್ದಳು, ಉಳಿದ ಚಾರ್ಜು ಡಬ್ಬಿಗೆ ಹಾಕು ಮಾಣಿಕಾ, ಹನೋಯಿನಾಗ ಚಹಾಕ್ಕ ಆಗ್ತದ. ಸುಗಂಧಾ, ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ನನ್ನ ಪಕ್ಕದ ಕುರ್ಚಿಯವಳು, ನಾನು ಭೂಗೋಳ, ಅವಳು ಇತಿಹಾಸ, ಗೋಡೆಯ ನಕ್ಷೆಯ ಮೇಲೆ ಇಬ್ಬರ ಬೆರಳೂ ಓಡಾಡಿದ್ದವು, ನೇಪಾಳ, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ, ಇಬ್ಬರೇ ತಿರುಗಲು ನೂರಿಪ್ಪತ್ತು ದಿನ, ತಲೆಗೆ ದಿನಕ್ಕೆ ಒಂದೂವರೆ ಸಾವಿರ, ಮಲಗಲು ಆರುನೂರು, ಊಟಕ್ಕೆ ನಾಲ್ಕುನೂರು, ಬಸ್ಸಿಗೆ ಇನ್ನೂರು, ಉಳಿದ ಮುನ್ನೂರು ಔಷಧಕ್ಕೆ, ಮನಸ್ಸಿಗೆ — ಮನಸ್ಸಿಗೂ ಒಂದು ಕಾಲಂ ಬರೆದಿದ್ದೆ, ಸುಗಂಧಾ ನಕ್ಕಿದ್ದಳು. ಒಂದರ ಮೇಲೊಂದು ಮಂಚವಿರುವ ಕೋಣೆಯಾದರೆ ಕೆಳಗಿನದು ನಿಂಗ, ನಿನ್ನ ಮೊಣಕಾಲಿಗೆ ಏಣಿ ಬ್ಯಾಡ, ಎಂದೂ ಅವಳೇ ಅಂದಿದ್ದಳು, ಅದನ್ನು ಸುಳ್ಳು ಎನ್ನಲೇ ಈಗ, ಅಂದಾಗ ಅವಳ ಕೈ ನನ್ನ ಮೊಣಕಾಲ ಮೇಲೇ ಇತ್ತಲ್ಲ.

ಬಸ್ಸಿನಲ್ಲಿ ಪಕ್ಕದ ಸೀಟಿನಾಕೆ ಸರಿದು ಜಾಗ ಮಾಡುತ್ತಾಳೆ, ಬಿಸಿಲ ಬರ್ತದ ಈ ಕಡಿ ಬರ್ರಿ, ಬರುತ್ತೇನೆ ತಾಯಿ, ಬಿಸಿಲಿನ ಬೆವರಲ್ಲ ಇದು. ಆಗ ತಾಹೇರಾ ಕೂಡ ತನ್ನ ಬಳೆ ಅಂಗಡಿಯ ಫ್ಯಾನನ್ನು ನನ್ನ ಕಡೆ ತಿರುಗಿಸಿದಳು, ಹುಮನಾಬಾದಿನ ಮೂವತ್ತು ಹೆಂಗಸರ ಭಿಶಿ ಚೀಟಿ ಅವಳದೇ, ನಂಬರಿಗೆ ತಿಂಗಳಿಗೆ ಹನ್ನೆರಡು ಸಾವಿರ, ಒಟ್ಟಾದದ್ದು ತಿಂಗಳಿಗೊಬ್ಬರ ಪಾಲು, ಸುಗಂಧಾ ನಾನು ಸೇರಿ ಒಂದೇ ನಂಬರು, ಅರ್ಧ ಅವಳದು ಅರ್ಧ ನನ್ನದು, ಕಡೆಯ ಪಾಳಿ ನಮಗೇ ಇರಲಿ ಎಂದು ಮೂವತ್ತು ತಿಂಗಳು ಕಾದೆವು. ಹೆಸರು ನಂದ ಇರ್ಲಿ, ನೀ ಅಂತೂ ವಿಯೆಟ್ನಾಮಿನ ಡ್ರೈವರಗೂ ಊಟ ಹಾಕಾಕಿ, ನಿನ್ನ ಕೈಯಾಗ ರೊಕ್ಕ ನಿಲ್ಲಾಂಗಿಲ್ಲ, ಎಂದಳು, ನಾನೂ ನಕ್ಕು ಹೌದೆಂದೆ, ನನ್ನ ಆರು ಸಾವಿರವನ್ನು ತಿಂಗಳು ತಿಂಗಳೂ ಅವಳ ಕೈಯಲ್ಲೇ ಇಟ್ಟೆ — ಪ್ರವಾಸದ ಲೆಕ್ಕದ ನೋಟುಬುಕ್ಕಿನ ಮೊದಲ ಸಾಲೇ ದುಡ್ಡು ಒಂದೇ ಕಡೆ ಇಡಬಾರದು ಎಂದು, ಬರೆದವಳು ನಾನೇ. ಅದಕ್ಕೇ ಅಲ್ಲವೇ ಎರಡು ಚೀಲ ಹೊಲಿದದ್ದು, ಅವ್ವನ ಇಳಕಲ್ ಸೀರೆಯ ಸೆರಗು ಕತ್ತರಿಸಿ, ಕೊರಳಿಗೆ ಹಾಕಿ ಕುಪ್ಪಸದೊಳಗೆ ಇಳಿಬಿಡುವಂಥವು, ಒಂದರ ಮೇಲೆ ಬಿಳಿ ದಾರದಲ್ಲಿ ಸು, ಇನ್ನೊಂದರ ಮೇಲೆ ಮಾ. ಎರಡೂ ಕೊಡು, ಜಿಪ್ಪು ಹಾಕಿಸ್ತೀನಿ, ಎಂದು ಒಯ್ದಳು, ಹೋಗುವಾಗ, ಪುಣೆಗೆ ಹೊಂಟೀನಿ, ಮಗಳು ಧನಶ್ರೀಗೆ ದಿನ ತುಂಬ್ಯಾವ, ಬಂದ ಮ್ಯಾಲೆ ಭಿಶಿ ಕೂಡೇ ತರೋಣು, ಅಂದಳು, ಬಾಣಂತಿಗೆಂದು ಅಂಟಿನುಂಡಿ ಕಟ್ಟಿ ಕೊಟ್ಟೆ, ಎರಡು ಕಿಲೋ.

ವಿಮಾನದ ದರ ಇಳಿದಿದೆ, ಭಿಶಿ ಪಡೆದು ಬೇಗ ಟಿಕೆಟ್ಟು ತೆಗೆದರೆ ಏಳು ಸಾವಿರ ಉಳಿಯುತ್ತದೆ ಎಂದು ಇವತ್ತು ಒಬ್ಬಳೇ ತಾಹೇರಾಳ ಹತ್ತಿರ ಹೊರಟದ್ದು, ಪಾಸ್‌ಪೋರ್ಟನ್ನೂ ಬ್ಯಾಗಿನಲ್ಲಿಟ್ಟುಕೊಂಡು. ತಾಹೇರಾ ಸಕ್ಕರೆ ಕಮ್ಮಿಯ ಚಹಾ ತರಿಸಿದಳು, ನೆನಪಿಟ್ಟಿದ್ದಾಳೆ, ಸುಗಂಧಾಬಾಯಿ ಪೂರಾ ರಕಮು ಒಯ್ದು ತಿಂಗಳಾತಲ್ರಿ ಮೇಡಂ, ನಿಮ್ಮ ದಿಲ್ ಭಾಳ ದೊಡ್ಡದ್ರಿ, ಮೊಣಕಾಲ ನೋವು ಅಂತ ನಿಮ್ಮ ಪಾಲು ಆಕಿ ತಂಗಿಗೆ ಕೊಟ್ರಂತ, ನನ್ನ ಸ್ವಂತ ಅಕ್ಕ ಸೈತ ಹಿಂಗ ಮಾಡಾಂಗಿಲ್ರಿ — ಚಹಾ ನಾಲಿಗೆ ಸುಟ್ಟಿತು, ಹೌದ್ರಿ ಅಂದೆ, ಯಾಕೆ ಹೌದ್ರಿ ಅಂದೆ, ಅವಳ ಮುಖ ಅಷ್ಟು ಸಂತೋಷವಾಗಿತ್ತು, ನೋಡ್ರಿ ಫೋಟೋ ಕಳ್ಸ್ಯಾರ ಎಂದು ಫೋನು ನನ್ನ ಕನ್ನಡಕದ ಹತ್ತಿರ ಹಿಡಿದಳು, ಹಿಂದೆ ಕಂದು ಬಣ್ಣದ ನದಿ, ಮೆಕಾಂಗ್, ಆರು ದೇಶ ದಾಟುತ್ತದೆ, ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ, ದೋಣಿಯಲ್ಲಿ ಸುಗಂಧಾ, ಪಕ್ಕದಲ್ಲಿ ತಂಗಿ ಶೀತಲ್, ನಗುತ್ತಾಳೆ, ಅವಳ ಕೊರಳಲ್ಲಿ —

ರಾಜೇಶ್ವರದ ಸ್ಟಾಪು ಬಂತೇನೋ, ಯಾರೋ ಇಳಿಯುತ್ತಿದ್ದಾರೆ, ಪಕ್ಕದಾಕೆ ನೀರಿನ ಬಾಟಲಿ ಚಾಚಿದ್ದಾಳೆ, ಕುಡೀರಿ, ಕುಡಿಯುತ್ತೇನೆ, ಚೀಲಕ್ಕೆ ಜಿಪ್ಪು ಹಾಕಿಸಿದ್ದಾಳೆ, ಒಳ್ಳೆಯ ಜಿಪ್ಪು, ಒಳಗೆ ಹಾಕಿಕೋ ಎಂದು ಎಷ್ಟು ಸಲ ಹೇಳಿದ್ದೆ, ಹೊರಗೆ ಬಿಟ್ಟರೆ ಯಾರಾದರೂ ಎಳೆದುಕೊಂಡು ಹೋಗುತ್ತಾರೆ, ಹೊರಗೇ ಬಿಟ್ಟಿದ್ದಾಳೆ, ಅವ್ವನ ಕೆಂಪು ಸೆರಗು, ಶೀತಲಳ ಕೊರಳು, ಬಿಳಿ ದಾರ, ಮಾ.