ಜೀರುಂಡೆ ಮಾವನ ಕಿವಿ

ನಮ್ಮ ಸೋದರಮಾವ ನಡೆದು ಬರುವಾಗ ಎಲ್ಲಕ್ಕಿಂತ ಮೊದಲು ಬರುತ್ತಿದ್ದುದು ಅವನ ಎಡಗಿವಿ. ಯಾರೋ ಗುಟ್ಟು ಹೇಳುತ್ತಿದ್ದಾರೆಂಬಂತೆ ತಲೆಯನ್ನು ವಾರೆ ಮಾಡಿಕೊಂಡು, ತೇಲುವ ಹೆಜ್ಜೆಯಲ್ಲಿ ಬಂದು, ಮಾತಿನ ನಡುವೆಯೇ ಬೆರಳೆತ್ತಿ ನಮ್ಮನ್ನೆಲ್ಲ ಸುಮ್ಮನಾಗಿಸಿ, ಬೇಲಿಯ ಕಡೆ ಹೊರಟೇಬಿಡುತ್ತಿದ್ದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ನಮಗೆಲ್ಲ ಜೀರುಂಡೆ ಮಾವ. ಬೂದುಬಣ್ಣದ ಕೋಟಿನ ಜೇಬಿನಲ್ಲಿ ಸದಾ ತೂತು ಕೊರೆದ ಡಬ್ಬಿಗಳು. ಒಮ್ಮೆ ಯಾರದೋ ಸಂತಾಪಸಭೆಯಲ್ಲಿ ಎಲ್ಲರೂ ಎದ್ದು ಮೌನವಾಗಿ ನಿಂತಾಗ ಆ ಜೇಬು ಹಾಡತೊಡಗಿತಂತೆ. ಅವನ ಹೆಂಡತಿ, ನಮ್ಮ ಅತ್ತೆ, ಬಹಳ ದಿನ ಬೀದಿಯಲ್ಲಿ ತಲೆಯೆತ್ತಿ ತಿರುಗಲಿಲ್ಲ.

ಅವನ ಬದುಕನ್ನೆಲ್ಲ ಸೆಳೆದುಕೊಂಡದ್ದು ಒಂದೇ ಹುಲ್ಲುಗಾವಲಿನ ಎರಡು ಬಗೆಯ ಜೀರುಂಡೆಗಳು. ಬಣ್ಣ, ಮೀಸೆ, ಕಾಲು ಎಲ್ಲವೂ ಅಚ್ಚು ಒತ್ತಿದ ಹಾಗೆ ಒಂದೇ. ಆದರೆ ಎಷ್ಟು ಸಹಸ್ರಮಾನಗಳಿಂದಲೋ ಏನೋ, ಅವುಗಳ ನಡುವೆ ಸಂಬಂಧ ಕುದುರಿಲ್ಲ. ಗಂಡು ರೆಕ್ಕೆಗೆ ರೆಕ್ಕೆ ಉಜ್ಜಿ ಹಾಡುತ್ತದೆ. ಹೆಣ್ಣು ತನ್ನ ಕುಲದ ಹಾಡನ್ನಷ್ಟೇ ಅರಸಿ ಹೋಗುತ್ತದೆ. ಒಂದರದು ತಗ್ಗಿನ ದನಿ, ಇನ್ನೊಂದರದು ಕೂದಲೆಳೆಯಷ್ಟು ಸಣ್ಣ ಏರುದನಿ. ಆ ಅಂತರವೇ ಎರಡು ಸಂತತಿಗಳು ಬೆರೆಯದಂತೆ ಕಾಯುವ ಗೋಡೆ ಎಂಬುದು ಮಾವನ ಸಿದ್ಧಾಂತ. ಹಿರಿಯ ವಿದ್ವಾಂಸರು ಎರಡೂ ಒಂದೇ ಜಾತಿ, ಈತನಿಗೆ ಭ್ರಮೆ ಎಂದು ನಕ್ಕಿದ್ದರು. ಅಂದಿನ ಧ್ವನಿಯಂತ್ರಕ್ಕೆ ಆ ಏರುದನಿ ಸಿಗುತ್ತಿರಲಿಲ್ಲ. ಅವನಿಗಿದ್ದ ಸಾಕ್ಷಿ ತನ್ನ ಕಿವಿಯೊಂದೇ.

ಒಂದು ಸಂಜೆ ಕಿಟಕಿಯ ಬೆಳಕು ಮೇಜಿನ ಮೇಲೆ ತೂಕಡಿಸುತ್ತಿದ್ದ ಹೊತ್ತಿನಲ್ಲಿ ಅವನ ಕೋಣೆಗೆ ಹೋದೆ. ಗಾಜಿನ ಉದ್ದ ತೊಟ್ಟಿ, ಅದರ ಎರಡು ತುದಿಗೆ ಬಲೆ ಹೊದಿಸಿದ ಎರಡು ಡಬ್ಬಿ; ಒಂದರಲ್ಲಿ ತಗ್ಗಿನ ದನಿಯ ಗಂಡು, ಇನ್ನೊಂದರಲ್ಲಿ ಏರುದನಿಯದು. ಏರುದನಿಯ ಗಂಡು ಹಾಡು ನಿಲ್ಲಿಸಿಬಿಟ್ಟಿದೆ, ಸೌತೆಕಾಯಿ ಇಟ್ಟರೂ ದೀಪದ ಶಾಖ ಕೊಟ್ಟರೂ ಚೇತರಿಸಿಕೊಳ್ಳುತ್ತಿಲ್ಲ ಎಂದು ಅವನು ಪೇಚಾಡುತ್ತಿದ್ದ.

"ಮಾವ, ಅದು ಹಾಡ್ತಾನೇ ಇದೆಯಲ್ಲ. ನಾನು ಬಂದಾಗಿನಿಂದ" ಅಂದೆ.

ಅವನು ಭೂತಗನ್ನಡಿ ಹಿಡಿದು ಬಗ್ಗಿದ. ಒಳಗೆ ರೆಕ್ಕೆಗಳು ಅದುರುತ್ತಿದ್ದವು. ಅವನ ಮುಖ ಬಾಡಿತು. ಹೇಳಬಾರದಿತ್ತೇನೋ ಅನ್ನಿಸಿತು ನನಗೆ. ಅವನು ಆ ಏರುದನಿಯ ಕುಲದ ಹೆಣ್ಣೊಂದನ್ನು ತಂದು ತೊಟ್ಟಿಯ ನಡುವೆ ಬಿಟ್ಟ. ಅದು ಮೀಸೆ ಆಡಿಸುತ್ತ ನಿಂತಿತು. ಕೋಣೆ ತುಂಬಿದ್ದ ತಗ್ಗಿನ ಹಾಡಿಗೆ ಬೆನ್ನು ಮಾಡಿ, ಮಾವನ ಪಾಲಿಗೆ ಬರಿಯ ಮೌನವಾಗಿದ್ದ ತುದಿಯತ್ತ ನಿಧಾನವಾಗಿ ನಡೆದು, ಬಲೆಗೆ ಮುಖವಿಟ್ಟು ನಿಂತುಬಿಟ್ಟಿತು.

ಮಾವನ ಕಣ್ಣು ತುಂಬಿತ್ತು. "ಅವಳಿಗೆ ಕೇಳಿಸ್ತಲ್ಲೋ, ಸಾಕು ಬಿಡು" ಎಂದ. "ಅದು ನನಗೋಸ್ಕರ ಯಾವತ್ತು ಹಾಡಿತ್ತು?"

ತಮ್ಮನ್ನು ಕರೆಯದ ದನಿಗೆ ಆಯುಷ್ಯವಿಡೀ ಕಿವಿಗೊಟ್ಟು ಕೂತವರ ಪಂಗಡ ಲೋಕದಲ್ಲಿ ಚಿಕ್ಕದು. ಇಂಥವರಿಗೆ ಲೋಕ ಒಂದು ದಿನ ಬಾಗಿಲು ಮುಚ್ಚುತ್ತದೆ. ಒಳಗೆ ಹಾಡು ನಡೆದಿದೆ ಎಂಬ ನೆಮ್ಮದಿಯಲ್ಲಿ ಅವರು ಹೊರಗೆ ಕತ್ತಲಲ್ಲಿ ಸುಖವಾಗಿ ಕೂತಿರುತ್ತಾರೆ.