ಮೂಲೆಯ ಬೆಂಚು

"ಆ ಡಬ್ಬಿಗಳನ್ನೆಲ್ಲ ಇಳಿಸು. ನಂಗೆ ಆ ಬೆಂಚೇ ಬೇಕು," ಎಂದ ಓಸ್ಮಾನಿ.

ಕಾಂಕ್ರೀಟು ತುಂಬಿದ ಬಣ್ಣದ ಡಬ್ಬಿಗಳನ್ನು ಆ ಮೂಲೆಯ ಬೆಂಚಿನ ಮೇಲೆ ಪೇರಿಸಿಟ್ಟವನು ಅವನ ಗೆಳೆಯ ಎವೆಲಿಯೊನೇ. ಹದಿನಾಲ್ಕು ತಿಂಗಳಾಗಿತ್ತು. ಯಾರಾದರೂ ಕೇಳಿದರೆ ಬೇರೆ ಕಡೆ ಜಾಗವಿಲ್ಲ ಎನ್ನುತ್ತಿದ್ದ. ಸಾಂತಿಯಾಗೊ ನಗರದ ತಿವೊಲಿ ಕೇರಿಯ ಆ ಹಿತ್ತಲ ಜಿಮ್ಮಿನಲ್ಲಿ ಏನಕ್ಕೆ ಬರವಿದ್ದರೂ ಜಾಗಕ್ಕಿರಲಿಲ್ಲ. ತಲೆಯ ಮೇಲೆ ಅರ್ಧ ತಗಡು, ಅರ್ಧ ಆಕಾಶ. ಎತ್ತುವ ಸರಳು ಹಳೆಯ ಲಾರಿಯದು. ಅದರ ತುದಿಗೆ ಸಿಕ್ಕಿಸುವ ತೂಕಗಳು ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಹಲ್ಲುಚಕ್ರಗಳು.

ಒಂದು ಕಾಲಕ್ಕೆ ಓಸ್ಮಾನಿಯ ಎದೆ ಇಡೀ ಕೇರಿಗೇ ಹೆಮ್ಮೆ. ಜುಲೈ ಕಾರ್ನಿವಲ್ಲಿನಲ್ಲಿ ದೊಡ್ಡ ಡೋಲನ್ನು ಅದೇ ಎದೆಗೆ ಕಟ್ಟಿಕೊಂಡು, ತಿವೊಲಿಯ ಏರುಬೀದಿಗಳನ್ನು ಹತ್ತಿ ಇಳಿಯುತ್ತಿದ್ದ. ಈಗ ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಜಿಮ್ಮಿನ ಒಡತಿ ನೆರೈದಾ ಕೊಟ್ಟ ಚಿಕ್ಕ ಕಾಫಿ ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದದ್ದನ್ನು ಎವೆಲಿಯೊ ನೋಡಿದ್ದ. ನೋಡಿ ಮುಖ ತಿರುಗಿಸಿದ್ದ.

"ಡೋಲಿಗೆ ಬೇರೆ ಯಾರನ್ನೋ ಹುಡುಕ್ತಿದಾರಂತೆ," ಎಂದ ಓಸ್ಮಾನಿ. "ಕಾರ್ನಿವಲ್ಲಿಗೆ ಇನ್ನು ಮೂರೇ ತಿಂಗಳು. ನಂಗೆ ಎದೆ ಬೇಕು ಕಣೋ."

"ಎದೆ ತಾನೆ? ಅದಕ್ಕೆ ಆ ಹಾಳು ಬೆಂಚೇ ಆಗ್ಬೇಕಾ? ಓರೆ ಬೆಂಚಿಗೆ ಒರಗಿ ಎತ್ತು. ಮೇಲೆದೆ ತುಂಬೋದು ಅದ್ರಲ್ಲೇ."

"ಭುಜ ನೋಯುತ್ತೆ. ಡಾಕ್ಟ್ರು ಬೇಡ ಅಂದಿದಾರೆ."

"ಡಂಬೆಲ್ ತಗೋ ಹಂಗಾದ್ರೆ. ಎದೆ ಇನ್ನೂ ಚೆನ್ನಾಗಿ ಹಿಗ್ಗುತ್ತೆ. ಸಾಕಾದ್ರೆ ಆ ಕಡೆ ಒಂದು, ಈ ಕಡೆ ಒಂದು ಬಿಟ್ಟುಬಿಟ್ರಾಯ್ತು."

"ಬಿಟ್ಟೇ ಅಲ್ವೇನೋ ನಂಗೆ ಈ ಗತಿ ಬಂದಿದ್ದು?"

ಎವೆಲಿಯೊ ನೆಲ ತೋರಿಸಿದ. "ನೆಲದ ಮೇಲೆ ಮಲಗಿ ಎತ್ತು. ಮೊಣಕೈ ನೆಲ ಮುಟ್ಟಿದ್ರೆ ಸರಳು ಅಲ್ಲೇ ನಿಲ್ಲುತ್ತೆ, ಎದೆ ಹತ್ರಾನೇ ಬರಲ್ಲ."

"ಎದೆ ಹತ್ರ ಬರ್ದೇ ಎದೆ ಹೆಂಗೋ ಬೆಳೆಯುತ್ತೆ, ಮಂಕೇ?"

ಬಾಗಿಲ ಬಳಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ನೆರೈದಾ ನಕ್ಕಳು. "ನೀನು ಆಸ್ಪತ್ರೆಗೆ ಹೋದಾಗಿಂದ ಇವನು ಪ್ರೊಫೆಸರ್ ಆಗ್ಬಿಟ್ಟಿದಾನಪ್ಪಾ. ದಿನಕ್ಕೊಂದು ಬಗೆ ಹೇಳ್ಕೊಡ್ತಾನೆ. ಆದ್ರೆ ಎಲ್ರ ಎದೇನೂ ಬೆಳೆದಿದೆ, ಸುಳ್ಳು ಹೇಳ್ಬಾರ್ದು."

ಹೌದು, ಬೆಳೆದಿತ್ತು. ಆ ಬೆಂಚನ್ನು ತಪ್ಪಿಸಲೆಂದೇ ಹುಡುಕಿದ ದಾರಿಗಳು ಅವನಿಗೆ ಜಾಣನೆಂಬ ಹೆಸರು ತಂದಿದ್ದವು. ಕಳ್ಳನಿಗೆ ಸನ್ಮಾನ ಮಾಡಿದಂತೆ ಅವನಿಗೆ ಒಳಗೊಳಗೇ ಹಿಂಸೆಯಾಗುತ್ತಿತ್ತು.

ಮಾತಾಡುತ್ತಲೇ ಓಸ್ಮಾನಿ ಡಬ್ಬಿಗಳನ್ನು ಇಳಿಸತೊಡಗಿದ್ದ. ಬೇರೆ ದಾರಿಯಿಲ್ಲದೆ ಎವೆಲಿಯೊ ಕೈಜೋಡಿಸಿದ. ಸರಳನ್ನು ಬೆಂಚಿನ ಕವೆಗಳ ಮೇಲಿಟ್ಟು, ಹಿಂದೆ ಎತ್ತುತ್ತಿದ್ದುದರ ಅರ್ಧ ತೂಕ ಹಾಕಿದರು. ಆ ಅರ್ಧವೂ ಎವೆಲಿಯೊನ ಕಣ್ಣಿಗೆ ಬೆಟ್ಟವಾಗಿ ಕಂಡಿತು.

ಆ ಜಿಮ್ಮಿನಲ್ಲೊಂದು ಪದ್ಧತಿಯಿತ್ತು. ನೆರೈದಾಳ ಗಂಡ ಬದುಕಿದ್ದಾಗ ಮಾಡಿಟ್ಟದ್ದು. ಬೆಂಚಿನ ಮೇಲೆ ಮಲಗಿದವನು ಸರಳು ಎತ್ತುವ ಮೊದಲು "ಯಾರಿದ್ದೀರಿ?" ಎಂದು ಕೇಳಬೇಕು. ತಲೆಯ ಬಳಿ ಕಾವಲು ನಿಂತವನು "ನಾನಿದ್ದೀನಿ" ಎನ್ನಬೇಕು. ಉತ್ತರ ಬರದಿದ್ದರೆ ಯಾರೂ ಸರಳು ಮುಟ್ಟುತ್ತಿರಲಿಲ್ಲ. ಉತ್ತರ ಕೊಟ್ಟವನು, ಸರಳು ಕವೆಗೆ ಮರಳುವ ತನಕ, ಮನೆಗೆ ಬೆಂಕಿ ಬಿದ್ದರೂ ಅತ್ತ ನೋಡುವಂತಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ಒಂದು ದಿನ, ಜಿಮ್ಮಿನಲ್ಲಿ ಅವರಿಬ್ಬರೇ ಇದ್ದಾಗ, ಓಸ್ಮಾನಿಯ ತಲೆಯ ಬಳಿ ನಿಂತು ಎವೆಲಿಯೊ "ನಾನಿದ್ದೀನಿ" ಎಂದಿದ್ದ. ಮೋಟು ಗೋಡೆಯಾಚೆ ಪಕ್ಕದ ಮನೆಯ ಅಂಗಳದಲ್ಲಿ ಎಂದಿನಂತೆ ದೊಮಿನೊ ಆಟ ನಡೆದಿತ್ತು. ಯಾರೋ ಬಿಲ್ಲೆಯನ್ನು ಮೇಜಿಗೆ ಫಟ್ಟೆಂದು ಬಡಿದು ಕೂಗಿದ್ದರು. ಎವೆಲಿಯೊ ಕತ್ತು ತಿರುಗಿಸಿದ್ದ, ಅಷ್ಟೇ. ತಿರುಗಿ ನೋಡುವಷ್ಟರಲ್ಲಿ ಸರಳು ಓಸ್ಮಾನಿಯ ಎದೆಯ ಮೇಲಿತ್ತು.

ಎದೆಯ ಮೂಳೆ ಮುರಿದಿತ್ತು, ಐದು ಪಕ್ಕೆಲುಬು ಕೂಡ. ಮೂರನೆಯ ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಓಸ್ಮಾನಿಗೆ ಏನೊಂದೂ ನೆನಪಿರಲಿಲ್ಲ. ಹೆಬ್ಬೆರಳನ್ನು ಸರಳಿಗೆ ಸುತ್ತದೆ, ಜಾರುವ ಹಾಗೆ ಹಿಡಿದು ಎತ್ತುವ ಕೆಟ್ಟ ಚಾಳಿ ಅವನಿಗೆ ಮೊದಲಿತ್ತು. "ಹೆಬ್ಬೆರಳು ಬಿಟ್ಟಿದ್ನಾ?" ಎಂದು ಪಿಸುಗುಟ್ಟಿದ. ಎವೆಲಿಯೊ ಹೌದೆಂದು ತಲೆಯಾಡಿಸಿದ. ಬಾಯಿಬಿಟ್ಟು ಸುಳ್ಳಾಡಲಿಲ್ಲ, ಬರೀ ತಲೆಯಾಡಿಸಿದ. ಆ ಸಮಾಧಾನವನ್ನು ಅವನು ಹದಿನಾಲ್ಕು ತಿಂಗಳಿಂದ ಹಳೆ ಮೂಳೆಯಂತೆ ಕಡಿಯುತ್ತಲೇ ಇದ್ದ.

ಓಸ್ಮಾನಿ ಬೆಂಚಿನ ಮೇಲೆ ಮಲಗಿ, ಜೇಬಿನಿಂದ ಏನನ್ನೋ ತೆಗೆದು ಮೇಲೆ ಚಾಚಿದ. ಸೈಕಲ್ ಟ್ಯೂಬನ್ನು ಕತ್ತರಿಸಿ ಮಾಡಿದ ಎರಡು ರಬ್ಬರ್ ಪಟ್ಟಿಗಳು.

"ಇದೇನೋ?"

"ಕಟ್ಟು. ಹೆಬ್ಬೆರಳು ಸರಳಿಗೆ ಸೇರಿಸಿ ಬಿಗಿಯಾಗಿ ಕಟ್ಟು. ಈ ಕೈಗಳನ್ನ ನಾನು ನಂಬಲ್ಲ."

"ತಲೆ ಕೆಟ್ಟಿದ್ಯಾ? ಕೈ ಸೋತ್ರೆ ಬಿಡಿಸ್ಕೊಳ್ಳೋಕೂ ಆಗಲ್ಲ!"

"ಅದಕ್ಕೇ ನೀನಿರೋದು," ಎಂದು ಓಸ್ಮಾನಿ ನಕ್ಕ. "ಕಟ್ಟೋ."

ಎವೆಲಿಯೊ ಬಲಗೈಗೆ ಒಂದು ಸುತ್ತು ಹಾಕಿದ. ಎರಡನೆಯದು ಹಾಕುವಾಗ ಪಟ್ಟಿ ಮತ್ತೆ ಮತ್ತೆ ಬೆರಳಿಂದ ಜಾರಿತು. ಬೆವರು ರಬ್ಬರಿನ ಮೇಲೆ ತೊಟ್ಟಿಕ್ಕಿತು. ಗಂಟು ಬೀಳುತ್ತಿರಲಿಲ್ಲ. ಹೇಳಿದರೆ ಗೆಳೆಯ ಹೋದ, ಜಿಮ್ಮು ಹೋಯಿತು, ತಿವೊಲಿಯಲ್ಲಿ ತಲೆಯೆತ್ತಿ ನಡೆಯುವುದೂ ಹೋಯಿತು. ಹೇಳದೆ ಗಂಟು ಬಿಗಿದರೆ? ಮುಂದಿನದನ್ನು ಯೋಚಿಸಲು ಅವನಿಗೆ ಭಯವಾಯಿತು.

"ಹೆಬ್ಬೆರಳು ಸರಿಯಾಗೇ ಇತ್ತು," ಎಂದ. ದನಿ ತನ್ನದೆನಿಸಲಿಲ್ಲ.

"ಏನು?"

"ಅವತ್ತು. ಎರಡೂ ಹೆಬ್ಬೆರಳು ಸುತ್ತೇ ಹಿಡಿದಿದ್ದೆ ನೀನು. ಕೈ ಸೋತು, 'ಹಿಡಿ' ಅಂತ ಕೂಗ್ದೆ. ನಾನು ಹಿಡೀಲಿಲ್ಲ. ಆ ಕಡೆ ನೋಡ್ತಿದ್ದೆ."

"ಯಾವ ಕಡೆ?"

"ದೊಮಿನೊ."

ನೆರೈದಾಳ ಬೀಸಣಿಗೆ ನಿಂತಿತು. ಮಲಗಿದಲ್ಲಿಂದಲೇ ಓಸ್ಮಾನಿ ತಗಡಿನ ಅಂಚನ್ನು ನೋಡುತ್ತಿದ್ದ. ಹಾಗೆಯೇ ಕೇಳಿದ, "ಯಾರು ಗೆದ್ರು?"

"ನನ್ನ ಭಾವಮೈದ."

"ಬಿಚ್ಚು."

ಎವೆಲಿಯೊ ಬಿಚ್ಚಿದ. ಓಸ್ಮಾನಿ ಎದ್ದು ಕೂತು, ತನ್ನ ಅಂಗೈಗಳನ್ನು ಮಗುಚಿ ಮಗುಚಿ ನೋಡಿದ. "ಮಗಳಿಗೆ ಕೂಸು ಹುಟ್ಟಿ ಆರು ತಿಂಗಳಾಯ್ತು. ಒಂದು ಸಲಾನೂ ಎತ್ಕೊಂಡಿಲ್ಲ ನಾನು. ಬೀಳಿಸಿಬಿಡ್ತೀನಿ ಅಂತ ಹೆದ್ರಿಕೆ. ಈ ಕೈಗೆ ಹೆದ್ರಿ."

ಇದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು ಎನಿಸಿತು ಎವೆಲಿಯೊಗೆ. ಓಸ್ಮಾನಿ ನಲ್ಲಿಯ ಬಳಿ ಹೋಗಿ ಮುಖಕ್ಕೆ ನೀರು ಎರಚಿಕೊಂಡ. ಬಾಗಿಲು ಅಲ್ಲೇ ಎರಡು ಹೆಜ್ಜೆಯಲ್ಲಿತ್ತು. ಹೋಗೇಬಿಡುತ್ತಾನೆ ಎಂದುಕೊಂಡ ಎವೆಲಿಯೊ.

ಓಸ್ಮಾನಿ ವಾಪಸು ಬಂದು ಮಲಗಿದ. ಹೆಬ್ಬೆರಳುಗಳನ್ನು ಸುತ್ತಿ ಸರಳನ್ನು ಹಿಡಿದ. ಕಣ್ಣು ಸರಳಿನ ಮೇಲಿರಲಿಲ್ಲ, ತಲೆಯ ಬಳಿ ನಿಂತವನ ಮುಖದ ಮೇಲಿತ್ತು.

"ಯಾರಿದ್ದೀರಿ?"

"ನಾನಿದ್ದೀನಿ," ಎಂದ ಎವೆಲಿಯೊ.

ಸರಳು ಕವೆ ಬಿಟ್ಟು ಮೆಲ್ಲಗೆ ಇಳಿಯಿತು, ಎದೆಯ ಹಳೆಯ ಗಾಯದ ಗೆರೆಯನ್ನು ಮುಟ್ಟಿತು, ನಡುಗುತ್ತ ಮೇಲೇರಿತು. ತೋಳು ನೆಟ್ಟಗಾದಾಗ ಓಸ್ಮಾನಿ ಮತ್ತೆ ಕೇಳಿದ, "ಯಾರಿದ್ದೀರಿ?"

ಹಾಗೆ ಎರಡನೆಯ ಸಲ ಕೇಳುವ ಪದ್ಧತಿ ಇರಲಿಲ್ಲ.

"ನಾನಿದ್ದೀನಿ."

ಮತ್ತೆ ಇಳಿಯಿತು, ಮತ್ತೆ ಏರಿತು. ಗೋಡೆಯಾಚೆ ಬಿಲ್ಲೆಯೊಂದು ಫಟ್ಟೆಂದು ಬಿತ್ತು, ಯಾರೋ ಗೆದ್ದು ಕಿರುಚಿದರು, ಕುರ್ಚಿಗಳು ಸರಿದವು.

"ಯಾರಿದ್ದೀರಿ?"

ಸರಳಿನಿಂದ ಒಂದು ಗೇಣು ಕೆಳಗೆ ಎವೆಲಿಯೊನ ಎರಡು ಅಂಗೈಗಳು, ಮುಟ್ಟದೆ, ಅದರ ಜೊತೆಜೊತೆಗೇ ಇಳಿಯುತ್ತಿದ್ದವು, ಏರುತ್ತಿದ್ದವು.