ಸೇವಂತಿಗೆಯ ನಡುವಿನ ಖಾಲಿ ಚೌಕಟ್ಟು

"ಅತ್ತಿಗೆ, ಸ್ವಲ್ಪ ಸರೀರಿ. ಸ್ಕ್ರೂ ನಿಮ್ಮ ಕಾಲ ಕೆಳಗೆ ಹೋಯ್ತು."

ಯೊಂಗ್‌ದಲ್ ಹಳೇ ಕಂಪ್ಯೂಟರಿನ ತಗಡು ಬಿಚ್ಚಿ ನೆಲಕ್ಕಿಟ್ಟ. ಕೊರಿಯಾದ ಮೊಕ್ಪೊ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸತ್ತವರ ಫೋಟೊ ಇಟ್ಟು ಮೂರು ದಿನ ನಮಸ್ಕಾರ ಸಲ್ಲಿಸುವ ಶೋಕದ ಕೋಣೆ ಅದು. ಎದುರಿಗೆ ಬಿಳಿ ಸೇವಂತಿಗೆಯ ರಾಶಿ, ನಡುವೆ ಕಪ್ಪು ಚೌಕಟ್ಟು, ಅದರೊಳಗೆ ಏನೂ ಇಲ್ಲ. ಊರಿನ ಮುದುಕ ಮುದುಕಿಯರಿಗೆಲ್ಲ ಸಾವಿನ ದಿನಕ್ಕೆ ಬೇಕಾಗುವ ಫೋಟೊವನ್ನು ಮುಂಚೆಯೇ ತೆಗೆದುಕೊಟ್ಟ ಮಾ ಚುನ್‌ಶಿಕ್ ಸತ್ತಾಗ ಅವನದೇ ಒಂದು ಫೋಟೊ ಇರಲಿಲ್ಲ. ಇಂಥ ಪೇಚು ಯಾರಿಗೂ ಬೇಡ.

"ಗುರುತಿನ ಚೀಟೀದೇ ದೊಡ್ಡದು ಮಾಡ್ಸೋಣಮ್ಮ," ಎಂದಳು ಮಗಳು ಉನ್‌ಜು. "ಇನ್ನೇನು ಜನ ಬಂದ್ಬಿಡ್ತಾರೆ. ಖಾಲಿ ಚೌಕಟ್ಟಿಗೆ ನಮಸ್ಕಾರ ಮಾಡ್ತಾರಾ?"

"ಅದರಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದೋರ ಥರ ಇದಾರೆ ನಿಮ್ಮಪ್ಪ," ಎಂದಳು ಹೆಂಡತಿ ಓಕ್‌ಬುನ್. "ಮೂರು ದಿನ ಆ ಮುಖ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ಇದರೊಳಗೆ ಫೋಟೊ ಇದೆ, ಅವರೇ ಹೇಳಿದ್ರು."

"ಇದ್ರೂ ಸಿಗುತ್ತೆ ಅಂತ ಹೇಳಕ್ಕಾಗಲ್ಲ ಅತ್ತಿಗೆ," ಎಂದ ಯೊಂಗ್‌ದಲ್. ಚುನ್‌ಶಿಕ್‌ನ ಫೋಟೊ ಸ್ಟುಡಿಯೋ ಪಕ್ಕದಲ್ಲೇ ಇವನ ರಿಪೇರಿ ಅಂಗಡಿ. "ಇದು ಶುರುವಾಗದೆ ಎಷ್ಟೋ ದಿನ ಆಯ್ತು. ಸರಿ ಮಾಡ್ಕೊಡ್ತೀನಿ ಅಂದ್ರೆ, ಅದಕ್ಕೂ ವಯಸ್ಸಾಗಿದೆ, ಮಲಗಲಿ ಬಿಡೋ ಅಂತಿದ್ದ ಅಣ್ಣ."

*

ಕಳೆದ ಸುಗ್ಗಿ ಹಬ್ಬದಲ್ಲಿ ಓಕ್‌ಬುನ್ ಜಗಳವನ್ನೇ ತೆಗೆದಿದ್ದಳು.

"ಮೊದಲೇ ತೆಗೆಸಿಟ್ರೆ ಆಯಸ್ಸು ಹೆಚ್ಚುತ್ತೆ ಅಂತ ಊರಿಗೆಲ್ಲ ಹೇಳ್ತೀರಿ. ನಿಮಗೆ ಬೇಡ್ವಾ ಆಯಸ್ಸು? ಕೂತ್ಕೊಳ್ಳಿ, ನಾನೇ ತೆಗೀತೀನಿ."

ಚುನ್‌ಶಿಕ್ ಕ್ಯಾಮೆರಾ ಒರೆಸುತ್ತಲೇ ಇದ್ದ. "ನಂದು ಆಗ್ಲೇ ಇದೆ ಕಣೇ, ಕಂಪ್ಯೂಟರ್‌ನಲ್ಲಿ."

"ಯಾರು ತೆಗೆದಿದ್ದು?"

"ಯಾರೋ. ಒಲೆ ಮೇಲೆ ಸಾರು ಉಕ್ತಿದೆ, ನೋಡು ಹೋಗು."

ಅವಳು ನಂಬಲಿಲ್ಲ. ಸಿಗರೇಟು ಬಿಟ್ಟೆ ಅಂತಲೂ ಮಾರಾಯ ಹೀಗೇ ಹೇಳಿದ್ದ.

*

ಯೊಂಗ್‌ದಲ್ ಡಿಸ್ಕನ್ನು ಹೊರಗೆಳೆದು, ತಂತಿಯಿಂದ ಉನ್‌ಜುವಿನ ಲ್ಯಾಪ್‌ಟಾಪಿಗೆ ಸೇರಿಸಿದ.

"ಟಕ್ ಟಕ್ ಅಂತ ಬಡ್ಕೊಂಡ್ರೆ ಮುಗೀತು. ಸುಮ್ನೆ ತಿರುಗಿದ್ರೆ ಜೀವ ಇದೆ."

ಡಿಸ್ಕು ಮೆಲ್ಲಗೆ ಗುಂಯ್‌ಗುಟ್ಟಿತು. ಇದನ್ನು ಅಳಿಸಿ ಹೊಸದಾಗಿ ಮಾಡಲೇ ಎಂದು ಪರದೆ ಕೇಳಿತು. ಉನ್‌ಜು ಅವಸರದಲ್ಲಿ ಬೆರಳು ಮುಂದೆ ಮಾಡಿದಳು.

"ಕೈ ತೆಗಿ ಮಗಳೇ. ಹೂಂ ಅಂದ್ರೆ ನಿಮ್ಮಪ್ಪ ಎರಡನೇ ಸಲ ಹೋಗ್ತಾನೆ."

ಅವನು ಬೇರೆ ದಾರಿ ಹಿಡಿದು ಹುಡುಕಿಸಿದ. ಹೆಸರುಗಳೆಲ್ಲ ಅಳಿಸಿಹೋಗಿದ್ದವು, ಮುಖಗಳು ಮಾತ್ರ ಒಂದೊಂದಾಗಿ ಬಂದವು. ಮೀನಿನಂಗಡಿ ಮುದುಕ, ಅಕ್ಕಿ ಮಿಲ್ಲಿನ ಅಜ್ಜಿ. ಮುಕ್ಕಾಲುಪಾಲು ಜನ ತೀರಿಹೋದವರೇ. ಓಕ್‌ಬುನ್ ಬಾಯಿಗೆ ಮುಷ್ಟಿ ಒತ್ತಿಕೊಂಡು ನೋಡಿದಳು. ಗಂಡನ ಸುಳಿವಿಲ್ಲ.

ಆಮೇಲೆ ಬಂದ ಚುನ್‌ಶಿಕ್. ಗಿರಾಕಿಗಳ ಸ್ಟೂಲಿನ ಮೇಲೆ, ಹೆಗಲಿಗೆ ಹೆಂಗಸರ ಗುಲಾಬಿ ರೇಷ್ಮೆ ಜಾಕೆಟ್ ಹೊದ್ದು, ಒಸಡು ಕಾಣುವ ಹಾಗೆ ನಗುತ್ತಿದ್ದ. ಫೋಟೊ ಸೊಟ್ಟಗಿತ್ತು, ತಲೆಯ ಮೇಲುಭಾಗ ಕತ್ತರಿಸಿಹೋಗಿತ್ತು. ಮುಂದಿನದರಲ್ಲಿ ನೀಲಿ ಜಾಕೆಟ್, ಅದರ ಮುಂದಿನದರಲ್ಲಿ ಹಸಿರು. ಎಲ್ಲವೂ ಸೊಟ್ಟ.

"ಇದೇನು ವೇಷ?" ಎಂದಳು ಓಕ್‌ಬುನ್.

"ಆ ಗುಲಾಬಿದು ನಂದು," ಎಂಬ ದನಿ ಹಿಂದಿನಿಂದ ಬಂತು. ಸಂತೆಯಲ್ಲಿ ಒಣಮೀನು ಮಾರುವ ಸುನ್ನಿಮ್ ಅಜ್ಜಿ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. "ಫೋಟೊ ತೆಗೆದಿದ್ದೂ ನಾನೇ. ಸಾಯೋ ಫೋಟೊ ಅಂದ್ರೆ ಕೈಕಾಲು ನಡುಗ್ತಿತ್ತು ನಂಗೆ. 'ಮೊದ್ಲು ನಾನು ಕೂರ್ತೀನಮ್ಮ, ನೀವು ತೆಗೀರಿ' ಅಂತ ಜಾಕೆಟ್ ಇಸ್ಕೊಂಡ. ಹೆದರಿದೋರ ಹತ್ರ ಎಲ್ಲಾ ಹಂಗೇ ಮಾಡ್ತಿದ್ದ. ಆ ಅವತಾರ ನೋಡಿ ನಕ್ಕು ನಕ್ಕು ಹೆದರಿಕೆ ಎಲ್ಲೋ ಹೋಯ್ತು."

ಓಕ್‌ಬುನ್ ಪರದೆಯ ಹತ್ತಿರಕ್ಕೆ ಬಾಗಿದಳು.

"ಇಲ್ಲಿನ ಆಫೀಸಲ್ಲಿ ಕೊಟ್ರೆ ಕಪ್ಪು ಕೋಟು ಹಾಕಿದ ಹಾಗೆ ತಿದ್ದಿ ಕೊಡ್ತಾರಮ್ಮ," ಎಂದಳು ಉನ್‌ಜು ಮೆಲ್ಲಗೆ.

"ಮುಟ್ಬೇಡ." ಓಕ್‌ಬುನ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದಿದ್ದವು. "ಇದೇ ಇರಲಿ."

ಗುಲಾಬಿ ಜಾಕೆಟಿನ ಚುನ್‌ಶಿಕ್ ಅಚ್ಚಾಗಿ ಬಂದು ಸೇವಂತಿಗೆಯ ನಡುವಿನ ಚೌಕಟ್ಟಿನಲ್ಲಿ ಕೂತ. ಸುನ್ನಿಮ್ ಅಜ್ಜಿ ನೆಲಕ್ಕೆ ಹಣೆ ಹಚ್ಚಿ ಎರಡು ಸಲ ನಮಸ್ಕರಿಸಿದಳು. ಆದರೆ ಏಳಲಿಲ್ಲ. ಮಂಡಿಯೂರಿದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಕೊರಳಪಟ್ಟಿ ಸರಿಪಡಿಸಿಕೊಂಡು, ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು. ಕೈ ತೊಡೆಯ ಮೇಲಿಟ್ಟು, ಗಲ್ಲ ತುಸು ಎತ್ತಿ, ಕ್ಯಾಮೆರಾ ನೋಡುವ ಹಾಗೆ ಅವನನ್ನೇ ನೋಡುತ್ತ, ಅಲುಗಾಡದೆ ನಗುತ್ತ ಕೂತಳು.